ಗಾಡಿ ನಂಬರಿಗೆ ಒತ್ತಕ್ಷರ ಇರುವುದಿಲ್ಲ

ಮುನ್ನೂರು ರೂಪಾಯಿ. ಸಿಗರೇಟ್ ಪ್ಯಾಕಿನ ರಟ್ಟು ಹರಿದು, ಅದರ ಹಿಂದೆ ‘ಹಾಲ್ 4’ ಎಂದು ಗೀಚಿ ಕೊಟ್ಟದ್ದಕ್ಕೆ ಮುನ್ನೂರು ರೂಪಾಯಿ. ತೆಗೆದುಕೊಂಡವನು ವಕೀಲನಲ್ಲ, ವಕೀಲರ ಗುಮಾಸ್ತನೂ ಅಲ್ಲ. ನ್ಯಾಯಾಲಯದ ಕಾಂಪೌಂಡಿನ ಹೊರಗೆ ಹೊಂಗೆ ಮರದ ಕೆಳಗೆ ಬೈಕ್ ನಿಲ್ಲಿಸಿಕೊಂಡು, ಅದರ ಸೀಟಿನ ಮೇಲೆಯೇ ಕಚೇರಿ ತೆರೆದಿರುವ ಒಬ್ಬ ಆಸಾಮಿ. ಕೊಟ್ಟವರು ಜಗಳೂರಿನಿಂದಾಚೆಯ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದ, ಎಪ್ಪತ್ತು ದಾಟಿದ ಯಜಮಾನರು. ಅವರ ಕೇಸು ನಡೆಯುವ ಕೋಣೆಯೆಂದು ಬರೆದ ಆ ‘ಹಾಲ್ 4’ ಕೂಡ ತಪ್ಪು. ಹಾಲ್ ಇರಲಿ, ಊರೇ ತಪ್ಪು. ಅದನ್ನು ಆಮೇಲೆ ಹೇಳುತ್ತೇನೆ. ಮನೆಗೆ ಬಂದು ಎರಡು ಲೋಟ ಮಜ್ಜಿಗೆ ಕುಡಿದರೂ ತಲೆಯ ಕಾವು ಇಳಿಯದ ಕಾರಣ ಇದನ್ನು ಬರೆಯಲು ಕುಳಿತಿದ್ದೇನೆ.

ಇವಳಿಗೆ ನ್ಯಾಯಾಲಯದಲ್ಲಿ ಏನು ಕೆಲಸ ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೆಲ್ಮೆಟ್ ಕೇಸು. 2023ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಕ್ಯಾಮೆರಾ ನನ್ನನ್ನು ಹಿಡಿಯಿತು. ಹೆಲ್ಮೆಟ್ ಇರಲಿಲ್ಲವೇ ಎಂದರೆ, ಇತ್ತು. ತಲೆಯ ಮೇಲಲ್ಲ, ಕಾಲಿನ ಬಳಿ. ಅದರೊಳಗೆ ಎರಡು ಕಟ್ಟು ಮೆಂತ್ಯ ಸೊಪ್ಪು. ಫೋಟೋದಲ್ಲಿ ಸೊಪ್ಪಿನ ತುದಿ ಕೂಡ ನಿಚ್ಚಳವಾಗಿ ಕಾಣುತ್ತದೆ. ನಮ್ಮ ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಸೇರಿದ್ದು ಸಾರ್ಥಕವಾಯಿತು ಎಂದುಕೊಂಡೆ. ತಪ್ಪು ನನ್ನದೇ. 2019ರ ತಿದ್ದುಪಡಿ ಈ ತಪ್ಪಿಗೆ ಸಾವಿರ ರೂಪಾಯಿ ದಂಡ ಇಟ್ಟಿತ್ತು, ಅದೇ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು. ಐನೂರು ಕಟ್ಟಲು ನನಗೆ ಯಾವ ಹೊಟ್ಟೆಯುರಿಯೂ ಇಲ್ಲ. ದಂಡದ ಬಗ್ಗೆ ಗೊಣಗುವ ಬರಹ ಇದಲ್ಲ, ಆ ನಿರೀಕ್ಷೆಯಲ್ಲಿ ಬಂದವರು ಮುಂದಕ್ಕೆ ಹೋಗಬಹುದು.

ನನ್ನ ತಕರಾರು ಇಷ್ಟೆ. ದಂಡ ಹಾಕುವಾಗ ನನ್ನನ್ನು ಅರೆಕ್ಷಣದಲ್ಲಿ ಹುಡುಕಿದವರು, ಕಟ್ಟುತ್ತೇನೆಂದು ನಾನೇ ಹುಡುಕಿಕೊಂಡು ಹೊರಟಾಗ ಹನ್ನೊಂದು ದಿನ ಸಿಗಲಿಲ್ಲ.

ಕೇಸು ಇದೆ ಎಂಬುದೇ ನನಗೆ ತಿಳಿದಿರಲಿಲ್ಲ. ಸ್ಕೂಟರನ್ನು ಅಕ್ಕನ ಮಗನಿಗೆ ಕೊಡೋಣವೆಂದು 29, 30ನೇ ನಮೂನೆ ತುಂಬಿ ಹೆಸರು ವರ್ಗಾವಣೆಗೆ ಹೊರಟಾಗ ಚಲನ್ ಬಾಕಿ ಇದೆ, ಕೇಸು ನ್ಯಾಯಾಲಯದಲ್ಲಿದೆ ಎಂದು ಗೊತ್ತಾಯಿತು. ಕ್ಯಾಮೆರಾದಲ್ಲಿ ಸಿಕ್ಕ ತಪ್ಪಿಗೆ 15 ದಿನದೊಳಗೆ ನೋಟಿಸು ಕಳುಹಿಸಬೇಕು ಎಂದು 2021ರಲ್ಲಿ ಸೇರಿಸಿದ ನಿಯಮ ಹೇಳುತ್ತದೆ. ಕಳುಹಿಸಿದ್ದಾರೆ, ಇಲ್ಲವೆನ್ನುವುದಿಲ್ಲ. ಎಲ್ಲಿಗೆ? ಸ್ಕೂಟರ್ ಕೊಂಡಾಗ ನಮ್ಮ ಯಜಮಾನರು ಶೋರೂಮಿನಲ್ಲಿ ತಮ್ಮ ಮೊಬೈಲ್ ಸಂಖ್ಯೆ ಬರೆಸಿದ್ದರು. ಅವರು ಹೋಗಿ ಅಷ್ಟರಲ್ಲಿ ಒಂದೂವರೆ ವರ್ಷವಾಗಿತ್ತು. ಆ ಸಂಖ್ಯೆ ಈಗ ಬೇರೆ ಯಾರದ್ದೋ. ಯಾವುದೋ ಊರಿನಲ್ಲಿ ಯಾರೋ ಒಬ್ಬರು ನನ್ನ ಮೆಂತ್ಯ ಸೊಪ್ಪಿನ ಸಮಾಚಾರ ಓದಿ ಅಳಿಸಿರುತ್ತಾರೆ. ಸಮನ್ಸು ನಿಟುವಳ್ಳಿಯ ಹಳೆಯ ಬಾಡಿಗೆ ಮನೆಯ ಬಾಗಿಲು ತಟ್ಟಿ ವಾಪಸಾಗಿದೆ.

(ಬರೆಯುತ್ತಿರುವಾಗ ಒಂದು ನೆನಪಾಯಿತು. ಅವರು ಹೋದ ಮೊದಲ ವರ್ಷ ಆ ಸಂಖ್ಯೆಗೆ ಸುಮ್ಮನೆ ಕರೆ ಮಾಡುತ್ತಿದ್ದೆ. ‘ಸ್ವಿಚ್ ಆಫ್ ಆಗಿದೆ’ ಎನ್ನುವ ಹೆಣ್ಣುದನಿ ಕೇಳಿಸಿಕೊಂಡು ಇಡುತ್ತಿದ್ದೆ. ಒಂದು ದಿನ ಒಬ್ಬ ಹುಡುಗ ಎತ್ತಿ ‘ಯಾರು?’ ಎಂದ. ಮತ್ತೆ ಮಾಡಲಿಲ್ಲ. ಗಾಡಿಯ ದಾಖಲೆಯಲ್ಲಿ ಆ ಸಂಖ್ಯೆ ಬದಲಿಸಬೇಕು ಎಂದು ಅಂದೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪರಿವಾಹನ್ ತಾಣದಲ್ಲಿ ಬದಲಿಸಲು ಬರುತ್ತದೆ. ನಿಮ್ಮ ಮನೆಯಲ್ಲೂ ಅಂಥ ಗಾಡಿ ಇದ್ದರೆ ಇಂದೇ ಬದಲಿಸಿ.)

ಸರಿ, ಕೇಸು ಎಲ್ಲಿದೆ ಎಂದು ಹುಡುಕಬೇಕು. ಇ-ಕೋರ್ಟ್ಸ್ ತಾಣವಿದೆ. ದೇಶದ ಜಿಲ್ಲಾ, ತಾಲ್ಲೂಕು ನ್ಯಾಯಾಲಯಗಳ ಕೇಸುಗಳನ್ನು ಮನೆಯಲ್ಲಿ ಕುಳಿತು ಪುಕ್ಕಟೆ ನೋಡಬಹುದು. ಪ್ರತಿ ಕೇಸಿಗೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ, ಅದು ಕೈಯಲ್ಲಿದ್ದರೆ ಒಂದೇ ಏಟಿಗೆ ಎಲ್ಲ ತೆರೆದುಕೊಳ್ಳುತ್ತದೆ. ಒಳ್ಳೆಯ ವ್ಯವಸ್ಥೆ, ಒಪ್ಪಿದೆ. ಆದರೆ ಸಿಎನ್‌ಆರ್ ಗೊತ್ತಿರುವವನು ಹುಡುಕುವುದೇಕೆ? ಗೊತ್ತಿಲ್ಲದವನು ಹೆಸರು ಹಾಕಿ ಹುಡುಕಬೇಕು. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ, ವರ್ಷ, ಹೆಸರು, ಕೊನೆಗೆ ಸೊಟ್ಟಪಟ್ಟ ಅಕ್ಷರಗಳ ಕ್ಯಾಪ್ಚಾ. ಹೆಸರು ಇಂಗ್ಲಿಷಿನಲ್ಲಿ.

ನನ್ನ ಹೆಸರು ವಿಜಯಲಕ್ಷ್ಮಿ. ಇಲ್ಲಿಂದ ನನ್ನ ಗ್ರಹಚಾರ ಶುರು.

ಮೂವತ್ತೊಂದು ವರ್ಷ ಪಿ.ಜೆ. ಬಡಾವಣೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು ನಾನು ಎಂಬುದು ನಿಮಗೆ ಗೊತ್ತೇ ಇದೆ. ಇದನ್ನು ಓದುತ್ತಿರುವವರಲ್ಲಿ ಹಲವರು ನನ್ನ ಬೆಂಚಿನ ಮೇಲೆ ಕುಳಿತು ಜೂನಿಯರ್, ಸೀನಿಯರ್ ಪಾಸು ಮಾಡಿದವರು. ಒಂದಕ್ಷರ ತಪ್ಪಾದರೆ ಇಡೀ ಹಾಳೆ ಎಳೆದು ತೆಗೆದು ಮತ್ತೆ ಹೊಡೆಸುತ್ತಿದ್ದೆ ಎಂದು ಈಗಲೂ ಶಾಪ ಹಾಕುವವರಿದ್ದೀರಿ. ಅಂಥವಳು ತನ್ನ ಸ್ವಂತ ಹೆಸರನ್ನು ಎಷ್ಟು ರೀತಿಯಲ್ಲಿ ತಪ್ಪಾಗಿ ಬರೆಯಬಹುದು ಎಂದು ರಾತ್ರಿ ಕುಳಿತು ಯೋಚಿಸುವ ಕಾಲ ಬಂತು ನೋಡಿ. ‘ಕ್ಷ’ಕ್ಕೆ ಕೆ-ಎಸ್-ಎಚ್ ಹಾಕಿದೆ, ಇಲ್ಲ. ಎಕ್ಸ್ ಹಾಕಿದೆ, ಇಲ್ಲ. ಕೊನೆಯಲ್ಲಿ ಐ ಬದಲು ವೈ, ಆಮೇಲೆ ಜೋಡಿ ಇ. ವಿಜಯ ಬೇರೆ, ಲಕ್ಷ್ಮಿ ಬೇರೆ ಮಾಡಿದೆ. ಯಾರಾದರೂ ಗೌರವದಿಂದ ಅಮ್ಮ ಸೇರಿಸಿರಬಹುದೆಂದು ವಿಜಯಲಕ್ಷ್ಮಮ್ಮ ಎಂದೂ ಹಾಕಿದೆ. ಬೇಸತ್ತು ಬರೀ ಲಕ್ಷ್ಮಿ ಎಂದು ಕೊಟ್ಟೆ, ಪುಟಗಟ್ಟಲೆ ಲಕ್ಷ್ಮಿಯರು ಸಾಲಾಗಿ ನಿಂತರು. ಜೀವನಾಂಶ, ಆಸ್ತಿ ಪಾಲು, ಚೆಕ್ ಬೌನ್ಸ್. ಎಂಥೆಂಥ ಲಕ್ಷ್ಮಿಯರ ಎಂಥೆಂಥ ಸಂಕಟಗಳು. ನಾನೊಬ್ಬಳೇ ಇರಲಿಲ್ಲ.

ಅಲ್ಲಿ ಇನ್ನೊಂದು ಗುಂಡಿಯಿದೆ, ಬಿದ್ದ ಮೇಲೆ ತಿಳಿಯಿತು. ಅದು ಕೇಳುವ ವರ್ಷ ತಪ್ಪು ನಡೆದ ವರ್ಷವಲ್ಲ, ನ್ಯಾಯಾಲಯದಲ್ಲಿ ಕೇಸು ದಾಖಲಾದ ವರ್ಷ. ನಾನು ಒಂದು ವಾರ 2023ರಲ್ಲೇ ತಡಕಾಡಿದೆ. ಕೇಸು ದಾಖಲಾಗಿದ್ದು 2024ರ ಏಪ್ರಿಲಿನಲ್ಲಿ.

ಕೊನೆಗೆ ಹೇಗೆ ಸಿಕ್ಕಿತು? ಇಲ್ಲಿ ನಾಚಿಕೆ ಬಿಟ್ಟು ಒಪ್ಪಿಕೊಳ್ಳಬೇಕು. ನ್ಯಾಯಾಂಗ ಇಲಾಖೆಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿದೆ. ಮಾಡಬಾರದು ಎಂದು ಹತ್ತು ದಿನ ತಡೆದುಕೊಂಡಿದ್ದೆ, ಹನ್ನೊಂದನೆಯ ದಿನ ಮಾಡಿದೆ. ಅವಳು ‘ಮೇಡಂ, ಗಾಡಿ ನಂಬರ್ ಹೇಳಿ’ ಎಂದಳು. ಮಧ್ಯಾಹ್ನದ ಹೊತ್ತಿಗೆ ಕೇಸಿನ ಸಂಖ್ಯೆ, ಹಾಲ್, ದಿನಾಂಕ ಎಲ್ಲ ಬಂತು. ನನ್ನ ಹೆಸರನ್ನು ಯಾರೋ ಪುಣ್ಯಾತ್ಮರು ‘ವಿಜಿಯಲಕ್ಷಮಿ’ ಎಂದು ಹೊಡೆದಿದ್ದರು. ‘ಜ’ ಗುಡಿಸು ಹಾಕಿಸಿಕೊಂಡು ‘ಜಿ’ ಆಗಿತ್ತು, ‘ಕ್ಷ್ಮಿ’ ಬಿಚ್ಚಿಕೊಂಡು ಕಾಲು ಚಾಚಿ ಮಲಗಿತ್ತು. ಹೊಡೆದವರು ನನ್ನ ಇನ್‌ಸ್ಟಿಟ್ಯೂಟಿನವರು ಆಗಿರದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಅವಳು ಕೇಳಿದ್ದನ್ನು ಗಮನಿಸಿದಿರಾ? ಗಾಡಿ ನಂಬರ್! ಒಳಗೆ ಕುಳಿತವರು ಹುಡುಕುವುದು ಗಾಡಿ ನಂಬರಿನಿಂದ. ಕ್ಯಾಮೆರಾ ಓದಿದ್ದೂ ಅದನ್ನೇ. ಚಲನ್ ಹುಟ್ಟಿದ್ದು ಅದರಿಂದ, ನನ್ನ ವರ್ಗಾವಣೆ ಅರ್ಜಿ ಅಡ್ಡಬಿದ್ದದ್ದೂ ಅದರಿಂದ. ಹೊರಗೆ ನಿಂತವಳು ಮಾತ್ರ ಹೆಸರಿನ ಸ್ಪೆಲ್ಲಿಂಗ್ ಊಹಿಸಬೇಕು. ಕೆಎ-17 ಎಂದರೆ ಕೆಎ-17. ಅದಕ್ಕೆ ದೀರ್ಘವಿಲ್ಲ, ಒತ್ತಕ್ಷರವಿಲ್ಲ, ಎಕ್ಸೋ ಕೆ-ಎಸ್-ಎಚ್ಚೋ ಎಂಬ ಜಿಜ್ಞಾಸೆಯಿಲ್ಲ. ನ್ಯಾಯಾಲಯದ ಹುಡುಕಾಟದ ಪುಟದಲ್ಲಿ ಗಾಡಿ ನಂಬರಿಗೊಂದು ಖಾನೆ ಇಟ್ಟರೆ ಯಾರ ಗಂಟು ಹೋಗುತ್ತದೆ?

ಇದನ್ನು ಅಕ್ಕನ ಮಗನ ಮುಂದೆ ಹೇಳಿದೆ. ಅವನು ಕಂಪ್ಯೂಟರ್ ಓದಿದವನು. ‘ಚಿಕ್ಕಮ್ಮ, ವರ್ಚುವಲ್ ಕೋರ್ಟ್ ತಾಣದಲ್ಲಿ ಗಾಡಿ ನಂಬರಿನಿಂದ ಹುಡುಕಲು ಬರುತ್ತದೆ, ನಿಮಗೆ ಗೊತ್ತಿಲ್ಲ’ ಎಂದು ಪಾಠ ಹೇಳಿದ. ಬರುತ್ತದಪ್ಪ, ವರ್ಚುವಲ್ ಕೋರ್ಟಿಗೆ ಹೋದ ಚಲನ್ ಆಗಿದ್ದರೆ ಬರುತ್ತದೆ. ನನ್ನದು ಬೆಂಚು, ಕಟಕಟೆ, ಫ್ಯಾನು ಇರುವ ಖುದ್ದು ಕೋರ್ಟಿಗೆ ಹೋಗಿತ್ತು. ಒಂದು ಅಂಗಡಿಯಲ್ಲಿ ಇರುವ ತಕ್ಕಡಿ ಪಕ್ಕದ ಅಂಗಡಿಯಲ್ಲಿ ಏಕಿಲ್ಲ ಎಂದು ಕೇಳಿದರೆ ‘ಆ ಅಂಗಡಿಯಲ್ಲಿ ಇದೆಯಲ್ಲ’ ಎನ್ನುವುದು ಉತ್ತರವೇ? ಆಮೇಲೆ ಇನ್ನೊಂದು ವರಸೆ ತೆಗೆದ: ಗಾಡಿ ನಂಬರಿನಿಂದ ಹುಡುಕಲು ಬಿಟ್ಟರೆ ಪಕ್ಕದ ಮನೆಯವರ ಕೇಸುಗಳನ್ನೆಲ್ಲ ಜನ ಜಾಲಾಡುತ್ತಾರೆ, ಖಾಸಗಿತನ ಏನಾಗಬೇಕು ಎಂದು. ಖಾಸಗಿತನ! ನಾನು ಒಂದೇ ರಾತ್ರಿಯಲ್ಲಿ ಊರಿನ ಅಷ್ಟೂ ಲಕ್ಷ್ಮಿಯರ ಸಂಸಾರದ ಗುಟ್ಟು ನೋಡಿಬಂದಿದ್ದೇನೆ. ಹೆಸರಿನಿಂದ ಹುಡುಕಿದರೆ ಬಯಲಾಗದ ಮಾನ ನಂಬರಿನಿಂದ ಹುಡುಕಿದರೆ ಬಯಲಾಗುತ್ತದೆಯೇ?

‘ಹೆಲ್ಮೆಟ್ ಹಾಕಿಕೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ’ ಎಂದು ಕೆಳಗೆ ಯಾರಾದರೂ ಬರೆಯುತ್ತೀರಿ. ಗೊತ್ತಿದೆ. ಬರೆಯಿರಿ. ಮೆಂತ್ಯ ಸೊಪ್ಪಿನ ಚಿತ್ರವನ್ನೂ ಹಾಕಿ.

ನೆರೆಮನೆಯ ವಕೀಲರು ಬೇರೆಯೇ ದಾರಿ ತೋರಿಸಿದರು. ದಂಡ ಮಾತ್ರವೇ ಶಿಕ್ಷೆಯಾಗಿರುವ ಅಪರಾಧವನ್ನು ನ್ಯಾಯಾಲಯ ಆರು ತಿಂಗಳೊಳಗೆ ವಿಚಾರಣೆಗೆ ಎತ್ತಿಕೊಳ್ಳಬೇಕು, ತಡವಾಗಿದ್ದರೆ ಪ್ರಶ್ನಿಸಬಹುದು ಎಂದರು. ಲೆಕ್ಕ ಹಾಕಿದೆ. ನನ್ನದು ಐದನೆಯ ತಿಂಗಳಲ್ಲೇ ದಾಖಲಾಗಿತ್ತು. ಅಲ್ಲಿ ಮಾತ್ರ ಎಷ್ಟು ಚುರುಕು ನೋಡಿ. ಲೋಕ ಅದಾಲತ್ ತನಕ ಕಾಯಿರಿ ಎಂದವರೂ ಇದ್ದಾರೆ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡದ ರಿಯಾಯಿತಿ ಬಂದಿತ್ತು, 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ಚಾಮರಾಜಪೇಟೆಯ ಬಟ್ಟೆ ಅಂಗಡಿಗಳ ಆಷಾಢದ ಮಾರಾಟದಂತೆ ಇದಕ್ಕೂ ಕಾದು ಕೂರುವ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ. ಸಮಯಕ್ಕೆ ಸರಿಯಾಗಿ ಪೂರ್ತಿ ಕಟ್ಟಿದವನು ಪೆಚ್ಚು. ನನಗೆ ಕಾಯುವ ವ್ಯವಧಾನವಿರಲಿಲ್ಲ.

ಮೋಟಾರು ವಾಹನ ಕಾಯ್ದೆಯ 208ನೆಯ ಸೆಕ್ಷನ್ ಓದಿ ನನಗೇ ಆಶ್ಚರ್ಯವಾಯಿತು. ಇಂಥ ಸಣ್ಣ ಕೇಸುಗಳಲ್ಲಿ ಖುದ್ದು ಬರಬೇಕಾಗಿಲ್ಲ, ವಕೀಲರನ್ನು ಕಳುಹಿಸಬಹುದು, ಇಲ್ಲವೇ ಸಮನ್ಸಿನಲ್ಲಿ ಹೇಳಿದಷ್ಟು ಹಣವನ್ನು ಮನಿಯಾರ್ಡರ್ ಮಾಡಿ, ಅದರ ಕೂಪನ್ನಿನಲ್ಲೇ ತಪ್ಪೊಪ್ಪಿಕೊಂಡು ಬರೆಯಬಹುದು ಎನ್ನುತ್ತದೆ. 1988ರ ಕಾಯ್ದೆ! ಹಳ್ಳಿಯ ಅಂಚೆಯಣ್ಣನ ಕೈಯಲ್ಲಿ ಮುಗಿಯುವ ಕೆಲಸ ಎಂದು ಅಂದು ಕುಳಿತು ಬರೆದವರಿಗೆ ಕರುಣೆ ಇತ್ತು. ಆದರೆ ಕೂಪನ್ನಿನಲ್ಲಿ ಏನೆಂದು ಬರೆಯಲಿ? ‘ವಿಜಯಲಕ್ಷ್ಮಿ ಮಾಡುವ ನಮಸ್ಕಾರಗಳು, ನನ್ನ ಕೇಸು ಎಲ್ಲಿದ್ದರೂ ಹುಡುಕಿಕೊಂಡು ಈ ಐನೂರನ್ನು ಅದಕ್ಕೆ ತಲುಪಿಸುವುದು’ ಎಂದೇ? ಮತ್ತೆ ಅಲ್ಲಿಗೇ ಬಂದು ನಿಂತೆವು. ನಂಬರು ಸಿಗದವನಿಗೆ ಯಾವ ಸೆಕ್ಷನ್ನೂ ಇಲ್ಲ.

ಹೀಗಾಗಿ ಇಂದು ಖುದ್ದಾಗಿ ಹೋದೆ. ಮಾತುಗಳನ್ನೆಲ್ಲ ಮನೆಯಲ್ಲೇ ಜೋಡಿಸಿಕೊಂಡಿದ್ದೆ: ಗಂಡನ ಮೊಬೈಲು, ಹಳೆಯ ಮನೆ, ಹೆಸರಿನ ಕಾಗುಣಿತ. ಹೆಸರು ಕೂಗಿದರು (ಕೂಗುವಾಗ ‘ವಿಜಯಲಕ್ಷ್ಮಿ’ ಎಂದು ಸರಿಯಾಗಿಯೇ ಕೂಗಿದರು, ಬಾಯಿಗೆ ಬರುವುದು ಬೆರಳಿಗೇಕೆ ಬರುವುದಿಲ್ಲವೋ). ನ್ಯಾಯಾಧೀಶರು ತಲೆಯೆತ್ತಿ ತಪ್ಪು ಒಪ್ಪಿಕೊಳ್ಳುತ್ತೀರಾ ಎಂದರು. ಒಪ್ಪಿಕೊಳ್ಳುತ್ತೇನೆ ಸ್ವಾಮಿ ಎಂದೆ. ಐನೂರು ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ಹಣ ಕಟ್ಟಿದೆ, ರಸೀದಿ ಪಡೆದೆ, ರಸೀದಿಯಲ್ಲಿರುವ ಹೆಸರನ್ನು ಎರಡು ಸಲ ಓದಿ ನೋಡಿದೆ. ಹಗುರವಾಗಿ ಹೊರಗೆ ಬಂದವಳು ನೇರ ಬೆಣ್ಣೆದೋಸೆಗೆ ಹೋಗಬೇಕಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಆ ಯಜಮಾನರು ಕುಳಿತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಆ ಸಿಗರೇಟ್ ಪ್ಯಾಕಿನ ತುಂಡು. ನಾಲ್ಕನೆಯ ಹಾಲಿನ ಬಾಗಿಲಲ್ಲಿ ಮೂರು ಸಲ ನಿಂತು ಬಂದಿದ್ದರಂತೆ. ಇಂದಿನ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ವಾಪಸು ಕಳುಹಿಸಿದ್ದರು. ‘ತಾಯಿ, ಸ್ವಲ್ಪ ಇದನ್ನು ಓದಿ’ ಎಂದರು. ಓದಲು ಅದರಲ್ಲಿ ಇದ್ದುದಾದರೂ ಏನು? ಹಾಲ್ 4. ಹಿಂದೆ ತಿರುಗಿಸಿದರೆ ಕ್ಯಾನ್ಸರಿನ ಚಿತ್ರ.

ಕೇಸು ಏನು ಯಜಮಾನರೇ ಎಂದು ಕೇಳಿದೆ. ‘ಎಕ್ಸೆಲ್ ಗಾಡಿಯದು. ಗಾಡಿ ಅಳಿಯನ ಹತ್ತಿರ ಇದೆ ತಾಯಿ, ಹೆಸರು ಮಾತ್ರ ನನ್ನದು’ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಫೋನಿಗೆ ಮೆಸೇಜು ಬಂದಿತ್ತಂತೆ. ಊರಿನ ಹುಡುಗನೊಬ್ಬ ಅದನ್ನು ಓದಿ ‘ಕೋರ್ಟಿಗೆ ಹೋಗಬೇಕು’ ಎಂದನಂತೆ. ಕೋರ್ಟ್ ಎಂದರೆ ಜಿಲ್ಲಾ ಕೇಂದ್ರ ಎಂದುಕೊಂಡು ಬಸ್ ಹತ್ತಿದ್ದಾರೆ. ಮರದ ಕೆಳಗಿನವನು ‘ಹುಡುಕಿಕೊಡುತ್ತೇನೆ’ ಎಂದು ಮೊಬೈಲ್ ಒತ್ತಿ, ಮುಖ ಗಂಟಿಕ್ಕಿ, ಬಹಳ ಕಷ್ಟದ ಕೇಸು ಎಂದು ಮುನ್ನೂರು ತೆಗೆದುಕೊಂಡಿದ್ದಾನೆ.

ಹೆಸರು ಕೇಳಿದೆ. ತಿಪ್ಪೇಸ್ವಾಮಿ.

ನಗು ಬಂತು, ಆಮೇಲೆ ಅಳು ಬಂತು. ಜಗಳೂರು, ಚಳ್ಳಕೆರೆ ಕಡೆ ಒಂದು ಕಲ್ಲು ಎಸೆದರೆ ಅದು ಒಬ್ಬ ತಿಪ್ಪೇಸ್ವಾಮಿಗೆ ತಗಲಿ, ಇನ್ನೊಬ್ಬ ತಿಪ್ಪೇಸ್ವಾಮಿಯ ಕಾಲ ಬಳಿ ಬೀಳುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರನ್ನು ಭಕ್ತಿಯಿಂದ ಇಟ್ಟ ತಾಯಂದಿರಿಗೆ ಮುಂದೊಂದು ದಿನ ಇಂಗ್ಲಿಷಿನ ಹುಡುಕಾಟದ ಖಾನೆ ಬರುತ್ತದೆಂದು ಹೇಗೆ ತಿಳಿಯಬೇಕು? ಟಿ ಜೊತೆ ಎಚ್ ಇದೆಯೋ ಇಲ್ಲವೋ, ಪಿ ಒಂದೋ ಎರಡೋ, ಕೊನೆಯಲ್ಲಿ ವೈಯೋ ಐಯೋ, ಸ್ವಾಮಿ ಅಂಟಿದೆಯೋ ಬಿಟ್ಟಿದೆಯೋ. ಲೆಕ್ಕ ಹಾಕಿ.

ಪಕ್ಕದಲ್ಲಿ ಕುಳಿತೆ. ಮೊದಲು ಚಲನ್ ನೋಡೋಣವೆಂದರೆ ಗಾಡಿ ನಂಬರಿನ ಜೊತೆಗೆ ಚಾಸಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಕೇಳಿತು. ಅವರು ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಇನ್ನೊಂದು ಕವರ್. ಅದರಲ್ಲಿ ರೇಷನ್ ಕಾರ್ಡು, ಧರ್ಮಸ್ಥಳದ ಕುಂಕುಮದ ಪೊಟ್ಟಣ, ಮಡಿಕೆಯಲ್ಲಿ ಸವೆದು ತೂತು ಬಿದ್ದ ಆರ್‌ಸಿ. ಕುಂಕುಮ ಅಂಟಿ ಅಂಕಿಗಳು ಕೆಂಪಾಗಿದ್ದವು. ಸೆರಗಿನ ತುದಿಯಿಂದ ಒರೆಸಿ ಓದಿದೆ. ತೆರೆದುಕೊಂಡಿತು: ಹೆಲ್ಮೆಟ್ ಇಲ್ಲ, ಸ್ಥಳ ಹರಿಹರ.

ಹರಿಹರ! ತಪ್ಪು ನಡೆದ ಜಾಗ ಯಾವ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ ಕೇಸು ಅಲ್ಲಿಗೆ ಹೋಗುತ್ತದೆ. ಮಗಳನ್ನು ಕೊಟ್ಟದ್ದು ಹರಿಹರದ ಹತ್ತಿರ, ಅಳಿಯ ಓಡಾಡುವುದು ಅಲ್ಲಿ, ಕೇಸು ಅಲ್ಲಿ. ಇವರು 14 ಕಿಲೋಮೀಟರ್ ಈಚೆ ನಾಲ್ಕನೆಯ ಹಾಲಿನ ಬಾಗಿಲಲ್ಲಿ. ಸಂಕೀರ್ಣದ ಪಟ್ಟಿಯಲ್ಲಿ ದಾವಣಗೆರೆ ಇಟ್ಟು ನೂರು ಸಲ ಹುಡುಕಿದರೂ ಸಿಗುವುದಿಲ್ಲ. ಹರಿಹರ ಎಂದು ಬದಲಿಸಿದೆ. ಮೂರನೆಯ ತಿಪ್ಪೇಸ್ವಾಮಿಗೆ ಸಿಕ್ಕಿತು: ಎಚ್ ಇಲ್ಲ, ಪಿ ಒಂದೇ, ಸ್ವಾಮಿಗೆ ವೈ. ದಿನಾಂಕ ಮುಂದಿನ ವಾರ. ಸದ್ಯ, ತಪ್ಪಿಲ್ಲ.

ಮುನ್ನೂರು ವಾಪಸು ಕೇಳೋಣ ಬನ್ನಿ ಎಂದು ಎಬ್ಬಿಸಿಕೊಂಡು ದುಸುದುಸು ಎನ್ನುತ್ತಾ ಹೊರಗೆ ಹೋದೆ. ಏನೇನು ಬೈಯಬೇಕು ಎಂದು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಮರದ ಕೆಳಗೆ ಬೈಕ್ ಇರಲಿಲ್ಲ. ‘ಊಟಕ್ಕೆ ಹೋಗಿರುತ್ತಾನೆ ಪಾಪ, ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದ’ ಎಂದರು ಯಜಮಾನರು. ಅವರ ಮೇಲೆಯೇ ರೇಗಿದೆ. ರೇಗಿದ ಮೇಲೆ, ನನ್ನ ವಿದ್ಯಾರ್ಥಿನಿಗೆ ನಾನು ಫೋನ್ ಮಾಡಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ನನಗೂ ಒಂದು ಮರ ಇತ್ತು, ನೆರಳು ಪುಕ್ಕಟೆ ಸಿಕ್ಕಿತ್ತು ಅಷ್ಟೆ.

ಬೇರೆ ಕಾಗದ ಇರಲಿಲ್ಲ. ಅದೇ ಸಿಗರೇಟ್ ರಟ್ಟಿನ ಮೇಲೆ ‘ಹಾಲ್ 4’ ಹೊಡೆದುಹಾಕಿ, ಕೇಸಿನ ಸಂಖ್ಯೆ, ಹರಿಹರ, ತಾರೀಖು, ವಾರ ಎಲ್ಲ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದೆ. ಮೇಲೆ ಅವರ ಹೆಸರನ್ನು ಒತ್ತಕ್ಷರ ಸಮೇತ ಸರಿಯಾಗಿ ಬರೆದೆ. ಹರಿಹರದಲ್ಲಿ ಇಳಿದು ನೇರ ನ್ಯಾಯಾಲಯದ ಒಳಗೆ ಹೋಗಿ, ಹೊರಗೆ ಯಾರನ್ನೂ ಮಾತನಾಡಿಸಬೇಡಿ, ಅಳಿಯನನ್ನೂ ಕರೆದುಕೊಂಡು ಹೋಗಿ ಎಂದು ಎರಡು ಸಲ ಹೇಳಿದೆ. ಅವರು ರಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಒಳಗಿನ ಕವರಿನಲ್ಲಿ ಇಟ್ಟು, ಅದನ್ನು ಹೊರಗಿನ ಕವರಿನಲ್ಲಿ ಇಟ್ಟು, ಜೇಬಿಗೆ ಸೇರಿಸಿದರು. ಆಮೇಲೆ ಇನ್ನೊಂದು ಜೇಬಿಗೆ ಕೈ ಹಾಕಿ ಕೇಳಿದರು:

‘ಇದಕ್ಕೆ ಎಷ್ಟು ಕೊಡಬೇಕು ತಾಯಿ?’